ಶೇಷ ಹದಿನೇಳು

೪ ಮಾರ್ಚ್ ೧೯೩೧

ಅಣ್ಣನಿಗೆ,

ಒಂಬತ್ತು ವರ್ಷದ ಮೇಲೆ ಬರೆಯುತ್ತಿದ್ದೇನೆ. ನಿನ್ನ ನಾಟಕ ಕಂಪನಿಯ ವಿಳಾಸ ರೈಲು ನಿಲ್ದಾಣದ ಗೋಡೆಯ ಮೇಲಿನ ಹಳೆಯ ಜಾಹೀರಾತಿನಲ್ಲಿ ಸಿಕ್ಕಿತು. ಆ ತುಂಡನ್ನು ಹರಿದುಕೊಳ್ಳುವಾಗ ಕಾವಲುಗಾರನಿಂದ ಬೈಸಿಕೊಂಡೆ.

ಅಪ್ಪನಿಗೆ ಲಕ್ವ ಹೊಡೆದಿದೆ. ಬಲಗೈ, ಬಲಗಾಲು ಆಡುವುದಿಲ್ಲ. ಮಾತು ಎಷ್ಟು ತೊದಲೆಂದರೆ ನನಗೊಬ್ಬಳಿಗೇ ತಿಳಿಯುತ್ತದೆ. ಕಾರಣ ಹೇಳುತ್ತೇನೆ, ನಗಬೇಡ. ಮೂವತ್ತೇಳು ಒಂದುಗಳನ್ನು ಸಾಲಾಗಿ ನಿಲ್ಲಿಸು. ಆ ಸಂಖ್ಯೆ ಅವಿಭಾಜ್ಯವಲ್ಲ, ಒಡೆಯುತ್ತದೆ ಎಂದು ಅಪ್ಪ ಸಿದ್ಧಮಾಡಿದರು. ಯಾವುದರಿಂದ ಒಡೆಯುತ್ತದೆಂದು ಅವರಿಗೂ ಗೊತ್ತಿಲ್ಲ. ಅವರ ಪರೀಕ್ಷೆ ಬೇರೆ ಬಗೆಯದು: ಒಂದು ದೊಡ್ಡ ಗುಣಾಕಾರ, ಅದನ್ನು ಆ ಸಂಖ್ಯೆಯಿಂದ ಭಾಗಿಸಿದಾಗ ಕೊನೆಗೆ ಒಂದು ಉಳಿದರೆ ಸಂಖ್ಯೆ ಅವಿಭಾಜ್ಯ ಇರಬಹುದು, ಉಳಿಯದಿದ್ದರೆ ಖಂಡಿತ ಅಲ್ಲ. ಹದಿನಾಲ್ಕು ತಿಂಗಳು ಗುಣಿಸಿದರು. ಒಂದು ಉಳಿಯಲಿಲ್ಲ.

ಅದನ್ನು ಗಣಿತ ಸಂಘದ ಮುಂದೆ ಓದಿದರು. ಅಧ್ಯಕ್ಷರು ಎದ್ದು, "ಮೇಷ್ಟ್ರೇ, ಒಡೆಯತ್ತೆ ಅಂತೀರಿ. ಒಡೆದ ತುಂಡೆಲ್ಲಿ? ಜೇಬಲ್ಲಿದ್ರೆ ತೆಗೀರಿ, ನೋಡೋಣ" ಅಂದರಂತೆ. ಸಭೆ ನಕ್ಕಿತು. ಅಪ್ಪ ಅಭ್ಯಾಸಬಲದಿಂದ ನಿಜವಾಗಿಯೂ ಜೇಬಿಗೆ ಕೈ ಹಾಕಿದರಂತೆ. ಅದಕ್ಕೆ ಇನ್ನಷ್ಟು ನಕ್ಕರು. ಹನ್ನೆರಡು ದಿನಕ್ಕೆ ಹಾಸಿಗೆ ಹಿಡಿದರು.

ಅವರು ಕಣ್ಣು ಮುಚ್ಚುವ ಮೊದಲು ಒಂದು ಭಾಜಕ ಅವರ ಕೈಯಲ್ಲಿಡಬೇಕು. ನನಗೆ ಬೇಕಾಗಿರುವುದು ಇಷ್ಟೇ. ಎಲ್ಲ ಸಂಖ್ಯೆಗಳಿಂದಲೂ ಭಾಗಿಸಬೇಕಿಲ್ಲ. ಎಪ್ಪತ್ತನಾಲ್ಕರ ಮಗ್ಗಿಗಿಂತ ಒಂದು ಹೆಚ್ಚಿರುವ ಅವಿಭಾಜ್ಯಗಳು ಮಾತ್ರ ಸಾಕು ಎಂದು ಅಪ್ಪ ತೋರಿಸಿದ್ದಾರೆ. ಒಂದು ಮತ್ತು ಮೂರರಲ್ಲಿ ಕೊನೆಯಾಗುವವು ನನಗೆ, ಏಳು ಮತ್ತು ಒಂಬತ್ತರಲ್ಲಿ ಕೊನೆಯಾಗುವವು ನಿನಗೆ. ನಾನು ಕರಡು ತಿದ್ದುವ ಅಚ್ಚುಕೂಟದಲ್ಲಿ ಪಟ್ಟಿಯಿದೆ. ನಿನ್ನ ಪಾಲನ್ನು ನಕಲು ಮಾಡಿ ಕಳಿಸುತ್ತೇನೆ. ತಿಂಗಳಿಗೊಂದು ಹಾಳೆ, ಸುಮಾರು ನಲವತ್ತು ಸಾಲು: ಭಾಜಕ, ಭಾಗಲಬ್ಧ, ಶೇಷ. ಎರಡು ಪ್ರತಿ. ಪ್ರತಿ ಸಾಲಿಗೂ ಅಂಕಿಗಳನ್ನು ಕೂಡಿಸಿ ತಾಳೆ ನೋಡುವ ಒಂಬತ್ತರ ಪರೀಕ್ಷೆ ಮಾಡಿ, ಕೆಳಗೆ 'ನೋಡಿದವರು' ಎಂಬಲ್ಲಿ ರುಜು ಹಾಕಿ ಒಂದನ್ನು ಹಿಂದಿರುಗಿಸುತ್ತೇನೆ.

ಅಪ್ಪನೇ ಹೇಳಿದರು: "ಅವನನ್ನೂ ಕೇಳು. ಅವನ ಭಾಗಾಕಾರ ಗಟ್ಟಿಯಿತ್ತು."

ನಿನ್ನ ತಂಗಿ

೧೯ ಮಾರ್ಚ್ ೧೯೩೧

ಮೆಣಸೇ,

ನಿನ್ನ ಕಾಗದ ಬಂದಾಗ ನಾನು ಚಕ್ರವರ್ತಿಯ ಕಿರೀಟವನ್ನು ತಲೆಯ ಮೇಲಿಟ್ಟುಕೊಂಡು ತೂತುಬಿದ್ದ ಬಕೆಟ್ಟಿಗೆ ಅರಗು ಹಚ್ಚುತ್ತಿದ್ದೆ. ಕಿರೀಟ ನನ್ನದಲ್ಲ. ಬಕೆಟ್ಟೂ ನನ್ನದಲ್ಲ. ಕೈಯಲ್ಲಿ ಹಿಡಿದುಕೊಂಡರೆ ಕಿರೀಟದ ಬಣ್ಣ ಹೋಗುತ್ತದೆಂದು ಮಾಲೀಕರು ನನ್ನ ತಲೆಯನ್ನೇ ಗೂಟ ಮಾಡಿದ್ದಾರೆ.

ಹೌದು ತಾಯಿ, ಮನೆ ಬಿಟ್ಟು ಬಂದ ಮಹಾನಟ ಈಗ ಪರದೆಯ ಹಿಂದೆ ಪುಸ್ತಕ ಹಿಡಿದು ಕೂರುವವನು. ರಾಜ ಮಾತು ಮರೆತರೆ ನಾನು ಪಿಸುಗುಡಬೇಕು. ರಾಣಿ ಅಳುವುದನ್ನು ಮರೆತರೆ ನಾನು ಮೂಗೆಳೆದು ನೆನಪಿಸಬೇಕು. ಐನೂರು ಜನ ಚಪ್ಪಾಳೆ ತಟ್ಟುವ ಮಾತುಗಳೆಲ್ಲ ನನ್ನ ಬಾಯಿಂದಲೇ ಹೊರಟವು. ಕೇಳಿಸಿಕೊಂಡವರು ಯಾರೂ ಇಲ್ಲ.

ಅಪ್ಪ ನಿಜವಾಗಿ ಹಾಗೆ ಅಂದರೇ? ನಾನು ಹೊರಟ ದಿನ ಹೊಸ್ತಿಲ ಮೇಲೆ ನಿಂತು, "ಈ ಮನೇಲಿ ಇನ್ಮೇಲೆ ಒಂದೇ ಮಗು" ಅಂದಿದ್ದರಲ್ಲ. ಆ ದನಿಯನ್ನು ಎಷ್ಟು ರಾಜರಿಗೆ ಕಲಿಸಿಕೊಟ್ಟಿದ್ದೇನೆ ಗೊತ್ತೇ? ಒಬ್ಬನಿಗೂ ಅಷ್ಟು ತಣ್ಣಗೆ ಹೇಳಲು ಬರುವುದಿಲ್ಲ.

'ಅವನ ಭಾಗಾಕಾರ ಗಟ್ಟಿಯಿತ್ತು.' ಈ ಸಾಲನ್ನು ಕಿರೀಟದೊಳಗೆ ಮುಖ ಹುದುಗಿಸಿ ಓದಿದೆ. ಪಟ್ಟಿ ಕಳಿಸು. ಬೆಳಗ್ಗೆ ಇಡೀ ಕಂಪನಿ ಗೊರಕೆ ಹೊಡೆಯುವ ಹೊತ್ತು ನನ್ನದೇ.

ಅಣ್ಣ

೨೨ ಆಗಸ್ಟ್ ೧೯೩೧

ಅಣ್ಣಾ,

ಐದನೇ ಹಾಳೆ ಬಂತು. ನೋಡಿದೆ, ಸರಿಯಿದೆ. ಅಪ್ಪ ಅದನ್ನು ಎಡಗೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. "ಅವನ ಅಂಕಿಗಳು ಇನ್ನೂ ಕುಡಿದವರ ಹಾಗೇ ವಾಲ್ತವೆ, ಆದ್ರೆ ಬಿದ್ದಿಲ್ಲ" ಅಂದರು. ಅವರು ನಕ್ಕಿದ್ದು ತಿಂಗಳ ಮೇಲೆ.

ಅಚ್ಚುಕೂಟದಲ್ಲಿ ನನ್ನ ಕೆಲಸ ಈಗ ಲಾಗರಿದಮ್ ಕೋಷ್ಟಕದ ಕರಡು. ಪುಟಕ್ಕೆ ಸಾವಿರ ಅಂಕಿ. ಒಂದು ತಪ್ಪು ಬಿಟ್ಟರೆ ಎಲ್ಲೋ ಒಂದು ಸೇತುವೆ ಬೀಳುತ್ತದೆ ಎಂದು ಅಚ್ಚು ಜೋಡಿಸುವವರೊಬ್ಬರು ಹೆದರಿಸುತ್ತಾರೆ. ಅವರಿಗೆ ಕೆಲಸಕ್ಕಿಂತ ನನ್ನ ಮೇಜಿನ ಹತ್ತಿರ ಬರುವ ನೆವ ಜಾಸ್ತಿ. ಮೊನ್ನೆ ಒಂದು ಎಂಟನ್ನು ಬೇಕೆಂದೇ ತಲೆಕೆಳಗು ಜೋಡಿಸಿ, "ಹಿಡೀತೀರೋ ಇಲ್ವೋ ನೋಡೋಣ ಅಂತ" ಅಂದರು. ಹಿಡಿದೆ. ಕರಡಿನಲ್ಲಿ ನನ್ನ ಕಣ್ಣು ತಪ್ಪಿಸಿದವರಿಲ್ಲ.

ತಂಗಿ

೧೦ ಜನವರಿ ೧೯೩೩

ಮೆಣಸೇ,

ಇಪ್ಪತ್ತೆರಡನೇ ಹಾಳೆ ಇದರ ಜೊತೆಗಿದೆ. ಕಂಪನಿಯವರೆಲ್ಲರಿಗೂ ಈಗ ನಾನು 'ಶೇಷಪ್ಪ'. ನಿನ್ನೆ ಯುದ್ಧದ ದೃಶ್ಯದಲ್ಲಿ ಸೇನಾಪತಿ ಮಾತು ಮರೆತು ನನ್ನತ್ತ ಕಣ್ಣು ಬಿಟ್ಟ. ನನ್ನ ತಲೆಯಲ್ಲಿ ಇನ್ನೂ ಬೆಳಗಿನ ಭಾಗಾಕಾರ. "ಆರು ಲಕ್ಷದ ಮೂವತ್ತು ಸಾವಿರ" ಎಂದು ಪಿಸುಗುಟ್ಟಿದೆ. ಅವನು ಎದೆ ತಟ್ಟಿ, "ಪ್ರಭು, ವೈರಿಗಳು ಆರು ಲಕ್ಷದ ಮೂವತ್ತು ಸಾವಿರ!" ಎಂದು ಗುಡುಗಿದ. ರಂಗದ ಮೇಲೆ ಇದ್ದ ವೈರಿಗಳು ಮೂವರು. ಜನ ಮಾತ್ರ ನಡುಗಿದರು.

ನಗುವುದು ಹಾಗಿರಲಿ. ಕಳೆದ ಹಾಳೆಗೆ ಅಪ್ಪ ಏನೆಂದರೆಂದು ನೀನು ಬರೆಯಲಿಲ್ಲ. ಮರೆಯಬೇಡ. ಒಂದು ಮಾತಾದರೂ ಸರಿ, ಬೈದಿದ್ದರೂ ಸರಿ. ಹಾಳೆ ಕಳಿಸಿ ಉತ್ತರ ಬರುವವರೆಗಿನ ದಿನಗಳಲ್ಲಿ ನಾನು, ಪರದೆ ಏಳುವ ಮುನ್ನ ಮೊದಲ ಸಲ ಬಣ್ಣ ಹಚ್ಚಿಕೊಂಡವನು ನಿಂತಿರುತ್ತಾನಲ್ಲ, ಹಾಗೆ ನಿಂತಿರುತ್ತೇನೆ.

ಅಣ್ಣ

೨ ಫೆಬ್ರವರಿ ೧೯೩೩

ಅಣ್ಣಾ,

ಮರೆತಿದ್ದೆ. "ಅವನಿಗೆ ಆತುರವಿಲ್ಲ, ಅದೇ ಒಳ್ಳೇದು" ಅಂದರು. ಈಗ ತಿಂಗಳ ಮೊದಲ ವಾರ ಬಂದರೆ ಬಾಗಿಲ ಕಡೆ ಕಿವಿ. ಅಂಚೆಯವನ ಸೈಕಲ್ ಗಂಟೆ ಕೇಳಿದರೆ, "ಅಣ್ಣಂದು ಬಂತೇನೋ ನೋಡು" ಅನ್ನುತ್ತಾರೆ.

ಹಾಳೆ ನೋಡಿದೆ, ಸರಿಯಿದೆ. ಆತುರವಿಲ್ಲ ಎಂದು ಅವರು ಅಂದರೂ ನೀನು ಸ್ವಲ್ಪ ಆತುರಪಡು. ವೈದ್ಯರು ಅವರ ನಾಡಿ ಹಿಡಿದು ನನ್ನ ಮುಖ ನೋಡುವುದನ್ನು ಬಿಟ್ಟಿದ್ದಾರೆ.

ತಂಗಿ

೧೭ ನವೆಂಬರ್ ೧೯೩೫

ಮೆಣಸೇ,

ಐವತ್ತಾರನೇ ಹಾಳೆ. ಈ ಸಲ ಹೆಚ್ಚು ಬರೆಯಲಾರೆ.

ಒಂದೇ ಕೇಳಿಕೆ. ಈ ಹಾಳೆಯನ್ನು ಚೆನ್ನಾಗಿ ನೋಡು. ಸಾಲುಸಾಲಿಗೂ ಒಂಬತ್ತರ ಪರೀಕ್ಷೆ ಮಾಡು. ನೋಡಿದ ಮೇಲೆ ನೀನು ಏನು ಹೇಳುತ್ತೀಯೋ ನನಗೆ ಅದೇ ತೀರ್ಮಾನ. ನಾನು ಪರದೆಯ ಹಿಂದೆ ಇರುವವನು. ಮಾತು ಆಡಬೇಕೋ ಬೇಡವೋ, ರಂಗದ ಮೇಲಿರುವ ನೀನು ಹೇಳಬೇಕು.

ಅಪ್ಪ ಚೆನ್ನಾಗಿದ್ದಾರೆಯೇ? ಇನ್ನೂ ಕೇಳುತ್ತಾರೆಯೇ?

ಅಣ್ಣ

೬ ಡಿಸೆಂಬರ್ ೧೯೩೫

ಅಣ್ಣಾ,

ನೋಡಿದೆ. ಎಲ್ಲ ಸರಿಯಿದೆ. ರುಜು ಹಾಕಿದ ಪ್ರತಿ ಇದರ ಜೊತೆಗಿದೆ.

ಅಪ್ಪ ದಿನವೂ ಕೇಳುತ್ತಾರೆ. "ಇದು ಸಿಗದಿದ್ರೂ ಚಿಂತೆಯಿಲ್ಲ, ಅವನ ಹಾಳೆ ಬರ್ತಾ ಇರ್ಲಿ" ಅಂದರು ಮೊನ್ನೆ. ನಿನ್ನ ಕಾಗದದ ದನಿ ಯಾಕೋ ಸೋತ ಹಾಗಿದೆ. ಜ್ವರವೇ? ಏನಾದರಾಗಲಿ, ನಿಲ್ಲಿಸಬೇಡ.

ತಂಗಿ

೧೫ ಡಿಸೆಂಬರ್ ೧೯೩೫

ನನ್ನ ಮೆಣಸೇ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಅರ್ಥವಾಯಿತು. 'ಸಿಗದಿದ್ದರೂ ಚಿಂತೆಯಿಲ್ಲ, ಹಾಳೆ ಬರುತ್ತಾ ಇರಲಿ.' ಆಗಲಿ. ನೀನು ಇಷ್ಟು ದೊಡ್ಡವಳಾದದ್ದು ಯಾವಾಗ? ಇನ್ನು ಈ ವಿಷಯ ನಮ್ಮಿಬ್ಬರ ನಡುವೆಯೂ ಬೇಡ.

ಐವತ್ತೇಳನೇ ಹಾಳೆ ಶುರುಮಾಡಿದ್ದೇನೆ. ಎಷ್ಟೋ ವರ್ಷದ ಮೇಲೆ ಇವತ್ತು ಹಾಡುತ್ತ ಸ್ನಾನ ಮಾಡಿದೆ. ಪಕ್ಕದ ಕೋಣೆಯ ರಾಣಿ ಪಾತ್ರದವನು ಗೋಡೆ ಗುದ್ದಿ, "ಶೇಷಪ್ಪಾ, ಯಾರನ್ನ ಕೊಲ್ತಾ ಇದೀಯಾ?" ಅಂದ.

ಅಣ್ಣ

೩ ಸೆಪ್ಟೆಂಬರ್ ೧೯೩೭

ಅಣ್ಣಾ,

ಎಪ್ಪತ್ತೆಂಟನೇ ಹಾಳೆ ನೋಡಿದೆ, ಸರಿಯಿದೆ.

ಅಚ್ಚು ಜೋಡಿಸುವವರ ಮದುವೆ ಆಯಿತು. ಹುಡುಗಿ ಅಂಚೆ ಕಚೇರಿಯವಳು. ನಿನಗೆ ನಾನು ಹೇಳಿರಲಿಲ್ಲ: ಐದು ವರ್ಷದ ಹಿಂದೆ ಅವರು ನನ್ನನ್ನು ಕೇಳಿದ್ದರು. ಸಂಖ್ಯೆ ಒಡೆಯಲಿ, ಆಮೇಲೆ ಎಂದಿದ್ದೆ. ಆಗಾಗ ಮೇಜಿನ ಹತ್ತಿರ ಬಂದು, "ಏನು, ಬಿರುಕಾದ್ರೂ ಬಿಟ್ಟಿದೆಯಾ?" ಅನ್ನುತ್ತಿದ್ದರು. ಈ ಬೇಸಿಗೆಯಲ್ಲಿ ಕೇಳುವುದನ್ನು ನಿಲ್ಲಿಸಿದರು. ಮದುವೆಯ ಕರೆಯೋಲೆಯ ಕರಡನ್ನು ನಾನೇ ತಿದ್ದಿದೆ. ತಪ್ಪು ಇರಲಿಲ್ಲ.

ಸಂಘದ ಪತ್ರಿಕೆಯಲ್ಲಿ ಅಧ್ಯಕ್ಷರು ಬರೆದಿದ್ದಾರೆ: 'ಆರು ವರ್ಷ ಹುಡುಕಿದರೂ ಭಾಜಕ ಸಿಗದಿರುವುದರಿಂದ, ಆ ಪರೀಕ್ಷೆಯಲ್ಲಿಯೇ ದೋಷವಿರಬೇಕೆಂದು ಊಹಿಸಬಹುದು.' ಬಚ್ಚಿಟ್ಟಿದ್ದೆ. ವೈದ್ಯರ ಕೈಚೀಲದಲ್ಲಿ ಇನ್ನೊಂದು ಪ್ರತಿ ಇತ್ತು. ಅಪ್ಪ ಓದಿದರು.

ತಂಗಿ

೧೨ ಫೆಬ್ರವರಿ ೧೯೩೮

ಅಣ್ಣಾ,

ಅಪ್ಪ ಒಂಬತ್ತನೇ ತಾರೀಕು ಹೋದರು. ತಂತಿ ಕಳಿಸಿದ್ದೆ. ಕಂಪನಿ ಊರು ಬದಲಿಸಿದೆ ಎಂದು ಹಿಂದಿರುಗಿ ಬಂತು.

ಆ ಲೇಖನ ಓದಿದ ಮೇಲೆ ತಮ್ಮ ಹಳೆಯ ಗುಣಾಕಾರದ ಪುಸ್ತಕಗಳನ್ನು ತರಿಸಿಕೊಂಡರು. ಎಡಗೈಯಲ್ಲಿ ಮೊದಲಿನಿಂದ ಮಾಡತೊಡಗಿದರು. ಅಂಕಿಗಳು ಸಾಲು ಬಿಟ್ಟು ಮಂಚದ ಚೌಕಟ್ಟಿನ ಮೇಲೆ ಹೋಗುತ್ತಿದ್ದವು. ಕೊನೆಯ ವಾರ ಪೆನ್ಸಿಲ್ ಇಟ್ಟು, "ನಾನೇ ಎಲ್ಲೋ ತಪ್ಪಿದೀನಿ ಮಗೂ" ಅಂದರು. ಇಲ್ಲಪ್ಪ ಎಂದೆ. "ತೋರ್ಸು ಹಾಗಾದ್ರೆ" ಅಂದರು. ತೋರಿಸಲು ನನ್ನ ಹತ್ತಿರ ಏನೂ ಇರಲಿಲ್ಲ. ಪುಸ್ತಕಗಳನ್ನೆಲ್ಲ ಸುಡಿಸಿದರು. ನಾನೇ ಒಲೆಗೆ ಹಾಕಿದೆ, ಅವರು ನೋಡುತ್ತಿದ್ದರು. ಹದಿನಾಲ್ಕು ತಿಂಗಳ ಕೆಲಸ ಅರ್ಧ ಗಂಟೆ ಉರಿಯಿತು.

ತಂಗಿ

೧ ಮಾರ್ಚ್ ೧೯೩೮

ಮೆಣಸೇ,

ಸಾವಿನ ದೃಶ್ಯಕ್ಕೆ ಎಷ್ಟೋ ಮಾತು ಬಾಯಿಪಾಠ ಇವೆ. ಒಂದೂ ಬರುತ್ತಿಲ್ಲ.

ಸುಟ್ಟರೆಂದು ಬರೆದಿದ್ದೀಯ. ಅವರು ಸೋತು ಹೋಗಲು ನೀನು ಯಾಕೆ ಬಿಟ್ಟೆ? ಕೊನೆಗಾದರೂ ಕಿವಿಯಲ್ಲಿ ಹೇಳಬಹುದಿತ್ತಲ್ಲ. ನನಗೆ ತಿಳಿಯುತ್ತಿಲ್ಲ.

ಕೊನೆಗೆ ನನ್ನ ಹಾಳೆ ಕೇಳಿದರೇ?

ಅಣ್ಣ

೨೦ ಏಪ್ರಿಲ್ ೧೯೩೮

ಅಣ್ಣಾ,

ಏನು ಹೇಳಬಹುದಿತ್ತು ಎಂದು ನನಗೆ ಅರ್ಥವಾಗಿರಲಿಲ್ಲ. ಹೋದ ಭಾನುವಾರ ಅರ್ಥವಾಯಿತು.

ನಿನ್ನ ಎಂಬತ್ತಮೂರು ಹಾಳೆಗಳನ್ನು ಹೊಲಿದು ಕಟ್ಟೋಣವೆಂದು ಕೂತೆ. ಸುಮ್ಮನೆ, ಕೈಗೆ ಕೆಲಸವಿರಲೆಂದು, ಒಂಬತ್ತರ ಪರೀಕ್ಷೆ ಮಾಡುತ್ತ ಹೋದೆ. ಭಾಜಕದ ಅಂಕಿಗಳ ಮೊತ್ತ, ಭಾಗಲಬ್ಧದ ಅಂಕಿಗಳ ಮೊತ್ತ, ಎರಡರ ಗುಣಲಬ್ಧಕ್ಕೆ ಶೇಷ ಕೂಡಿಸಿ ಒಂಟಿ ಅಂಕಿಗೆ ಇಳಿಸಿದರೆ ನಮ್ಮ ಸಂಖ್ಯೆಗೆ ಯಾವಾಗಲೂ ಒಂದು ಬರಬೇಕು. ಒಂದನ್ನು ಬಿಟ್ಟು ಎಲ್ಲ ಸಾಲಿಗೂ ಬಂತು. ಐವತ್ತಾರನೇ ಹಾಳೆ, ಇಪ್ಪತ್ತಮೂರನೇ ಸಾಲು: ಭಾಜಕ ೨೦೨೮೧೧೯, ಶೇಷ ೧೭. ಒಂಬತ್ತು ಬಂತು. ಪುನಃ ಭಾಗಿಸಿದೆ. ಸಂಜೆಯವರೆಗೆ ಭಾಗಿಸಿದೆ. ನೀನು ಬರೆದ ಮೂವತ್ತು ಅಂಕಿಯ ಭಾಗಲಬ್ಧ ಅಂಕಿ ಅಂಕಿಗೂ ಸರಿಯಾಗಿತ್ತು. ಶೇಷ ಮಾತ್ರ ಹದಿನೇಳಲ್ಲ. ಸೊನ್ನೆ.

ಅಪ್ಪನ ತುಂಡು ಅದೇ. ಎರಡು ವರ್ಷದಿಂದ ಈ ಮನೆಯಲ್ಲೇ, ಅವರ ಮಂಚದ ಕೆಳಗಿನ ಪೆಟ್ಟಿಗೆಯಲ್ಲೇ ಇತ್ತು.

ಹಿಂದಿನ ಸಾಲಿನಿಂದ ಕಣ್ಣು ಜಾರಿತೇ? ಜ್ವರವಿತ್ತೇ? ಹಾಗೆಂದು ಬರೆ, ನಂಬುತ್ತೇನೆ.

ನನ್ನದನ್ನೂ ಹೇಳಿಬಿಡುತ್ತೇನೆ. ಎಂಬತ್ತಮೂರು ಹಾಳೆಗೂ 'ನೋಡಿದವರು' ಎಂದು ರುಜು ಹಾಕಿದ್ದೇನೆ. ಒಂದನ್ನೂ ನೋಡಿರಲಿಲ್ಲ.

ತಂಗಿ

೫ ಮೇ ೧೯೩೮

ಮೆಣಸೇ,

ಕಣ್ಣು ಜಾರಲಿಲ್ಲ. ಜ್ವರವಿರಲಿಲ್ಲ.

ಅಂದು ಬೆಳಗ್ಗೆ ಕೊನೆಯ ಕಳೆಯುವಿಕೆಯಲ್ಲಿ ಮೇಲಿನದೂ ಕೆಳಗಿನದೂ ಒಂದೇ ಆಯಿತು. ಮೂರು ಸಲ ಮಾಡಿದೆ. ಎದ್ದು ಖಾಲಿ ರಂಗದ ನಡುವೆ ಹೋಗಿ ನಿಂತು, ಸಾಲುಸಾಲು ಖಾಲಿ ಕುರ್ಚಿಗಳಿಗೆ ಗಂಟಲು ಹರಿಯುವಂತೆ ಕೂಗಿದೆ: "ಇಪ್ಪತ್ತು ಲಕ್ಷದ ಇಪ್ಪತ್ತೆಂಟು ಸಾವಿರದ ನೂರಾ ಹತ್ತೊಂಬತ್ತು!" ನನ್ನ ಬದುಕಿನಲ್ಲಿ ನಾನು ರಂಗದ ಮೇಲೆ ಆಡಿದ ನನ್ನದೇ ಮಾತು ಅದೊಂದು. ಪ್ರತಿಧ್ವನಿ ನಿಂತ ಮೇಲೆ ರಂಗದ ಅಂಚಿನಲ್ಲಿ ಕೂತು ಯೋಚಿಸಿದೆ. ಇದನ್ನು ಕಳಿಸಿದರೆ ಅಪ್ಪ ಒಂದು ದಿನ ನನ್ನನ್ನು ಹೊಗಳುತ್ತಾರೆ. ಮರುದಿನದಿಂದ ಅಂಚೆಯವನ ಗಂಟೆಗೆ ಯಾರು ಕಿವಿ ಕೊಡುತ್ತಾರೆ? 'ಅಣ್ಣಂದು ಬಂತೇನೋ ನೋಡು' ಎಂದು ಯಾರು ಅನ್ನುತ್ತಾರೆ? ಒಂಬತ್ತು ವರ್ಷ ಸತ್ತಿದ್ದ ಮಗನನ್ನು ಈ ಸಂಖ್ಯೆ ಬದುಕಿಸಿತ್ತು. ಅದು ಒಡೆದರೆ ನಾನೂ ಮುಗಿದೆ.

ಶೇಷದ ಜಾಗದಲ್ಲಿ ಹದಿನೇಳು ಬರೆದೆ. ಹೊಸ್ತಿಲು ದಾಟಿದಾಗ ನನಗಿದ್ದ ವಯಸ್ಸು. ಭಾಗಲಬ್ಧವನ್ನು ಮುಟ್ಟಲಿಲ್ಲ, ಬೇಕೆಂದೇ. ಪರೀಕ್ಷೆ ಮಾಡಿದರೆ ನೀನು ಒಂದೇ ನಿಮಿಷದಲ್ಲಿ ಹಿಡಿಯುತ್ತಿದ್ದೆ. ತಲೆಕೆಳಗಾದ ಎಂಟನ್ನು ಹಿಡಿಯುವವಳು ನೀನು. ಚೆನ್ನಾಗಿ ನೋಡು ಎಂದು ಬರೆದೆ. ನೀನು ರುಜು ಹಾಕಿ, 'ಸಿಗದಿದ್ದರೂ ಚಿಂತೆಯಿಲ್ಲ, ಹಾಳೆ ಬರುತ್ತಾ ಇರಲಿ' ಎಂದು ಅಪ್ಪನ ಮಾತನ್ನೇ ಕಳಿಸಿದೆ. ನಿನಗೆ ಗೊತ್ತಾಗಿದೆ, ಗೊತ್ತಾಗಿಯೇ ನನಗೆ ಅಪ್ಪನನ್ನು ಬಿಟ್ಟುಕೊಟ್ಟಿದ್ದೀಯ ಎಂದುಕೊಂಡೆ. ಅಚ್ಚು ಜೋಡಿಸುವವರ ವಿಷಯ ನೀನು ಬರೆದಾಗ, ನಿನಗೆ ಗೊತ್ತಿಲ್ಲವೇನೋ ಎಂಬ ಅನುಮಾನ ಬಂತು. ಆದರೆ ಅವಳು ತಿಳಿದೇ ಮಾಡಿದ್ದಾಳೆ ಎಂದು ನನಗೆ ನಾನೇ ಪಿಸುಗುಟ್ಟಿದೆ. ಪಿಸುಗುಡುವುದು ನನ್ನ ಕಸುಬು.

ಆಮೇಲಿನ ಇಪ್ಪತ್ತೇಳು ಹಾಳೆಯ ಒಂದೊಂದು ಸಾಲೂ ಪ್ರಾಮಾಣಿಕ. ಅಷ್ಟನ್ನಾದರೂ ನಂಬು.

ಅಣ್ಣ

೩೦ ಮೇ ೧೯೩೮

ಅಣ್ಣನಿಗೆ,

ನಂಬುತ್ತೇನೆ. ಪರೀಕ್ಷೆ ಮಾಡಿದ್ದೇನೆ.

ಇನ್ನು ನನ್ನ ಸರದಿ. ನಿನ್ನನ್ನು ಕೇಳು ಎಂದು ಅಪ್ಪ ಎಂದೂ ಹೇಳಲಿಲ್ಲ. ನಾನೇ ಒಂದು ದಿನ, "ಅಣ್ಣನ ಸಹಾಯ ತಗೊಳ್ಳೋಣವಾ?" ಎಂದೆ. "ಯಾರು?" ಅಂದರು. ಏಳು ವರ್ಷದಲ್ಲಿ ನಿನ್ನ ವಿಷಯವಾಗಿ ಅವರ ಬಾಯಿಂದ ಬಂದದ್ದು ಆ ಒಂದೇ ಮಾತು. ಕುಡಿದವರ ಹಾಗೆ ವಾಲುವ ಅಂಕಿ, ಅಂಚೆಯವನ ಗಂಟೆ, ಸಿಗದಿದ್ದರೂ ಚಿಂತೆಯಿಲ್ಲ ಎಂಬುದು, ಎಲ್ಲ ನಾನು ಬರೆದದ್ದು. ಹೊಗಳದಿದ್ದರೆ ನೀನು ನಿಲ್ಲಿಸಿಬಿಡುತ್ತೀಯ, ಒಬ್ಬಳಿಗೆ ಹತ್ತು ವರ್ಷ ಹಿಡಿಯುತ್ತದೆ ಎಂಬ ಲೆಕ್ಕ.

ನಿನ್ನ ಕೈಬರಹ ಕಂಡರೆ ಹಾಳೆಯನ್ನು ಮುಟ್ಟುವುದಿಲ್ಲವೆಂದು ಪ್ರತಿ ತಿಂಗಳೂ ನಿನ್ನ ಹಾಳೆಯನ್ನು ನನ್ನ ಕೈಯಲ್ಲಿ ನಕಲು ಮಾಡಿ ಅವರಿಗೆ ತೋರಿಸುತ್ತಿದ್ದೆ. ನನ್ನ ಪಾಲಿನ ಭಾಗಾಕಾರ, ಅಚ್ಚುಕೂಟ, ಅವರ ಮೈ ಒರೆಸುವುದು, ಅದರ ಮೇಲೆ ಈ ನಕಲು. ಪರೀಕ್ಷೆಗೆ ಹೊತ್ತು ಉಳಿಯುತ್ತಿರಲಿಲ್ಲ. ಆ ಹದಿನೇಳನ್ನು ನಾನೂ ಬರೆದಿದ್ದೇನೆ, ಅಚ್ಚುಕಟ್ಟಾಗಿ, ಸಾಲು ತಪ್ಪದ ಹಾಗೆ. ಇಪ್ಪತ್ತು ಲಕ್ಷದ ಭಾಜಕಕ್ಕೆ ಹದಿನೇಳು ಶೇಷ. ಅದೂ ಕಣ್ಣಿಗೆ ಬೀಳಲಿಲ್ಲ.

ನಾನು ಹುಟ್ಟಿಸಿದ ಅಪ್ಪನನ್ನು ಉಳಿಸಿಕೊಳ್ಳಲು ನೀನು, ನಿಜವಾದ ಅಪ್ಪನ ತುಂಡನ್ನು ಬಚ್ಚಿಟ್ಟೆ. ನಿನ್ನ ಮೇಲೆ ಎಷ್ಟು ಸಿಟ್ಟು ಮಾಡಬೇಕೆಂದು ಕೂತರೆ ಅರ್ಧದಲ್ಲಿ ಅದು ನನ್ನ ಕಡೆಗೇ ತಿರುಗುತ್ತದೆ.

ಸಂಘಕ್ಕೆ ಬರೆದಿದ್ದೇನೆ. ಭಾಜಕ, ಭಾಗಲಬ್ಧ, ಶೇಷ ಸೊನ್ನೆ. ಕಂಡುಹಿಡಿದವರು ಎಂದು ನಿನ್ನ ಹೆಸರು, ದಿನಾಂಕ ನಿನ್ನ ಹಾಳೆಯದೇ: ೧೭ ನವೆಂಬರ್ ೧೯೩೫. ಸಂಘದ ಪತ್ರಿಕೆಯ ಅದೇ ಪುಟದಲ್ಲಿ ಅಪ್ಪ ತೀರಿಕೊಂಡ ದಿನಾಂಕವೂ ಬರುತ್ತದೆ. ಕರಡು ನನ್ನ ಮೇಜಿಗೇ ಬಂದಿತ್ತು. ಎರಡು ವರ್ಷ ಎರಡು ತಿಂಗಳು ಇಪ್ಪತ್ತಮೂರು ದಿನ. ಕಳೆಯಲು ಬರುವವರು ಕಳೆದು ನೋಡಲಿ.

ಇನ್ನು ಬರೆಯುವುದಿಲ್ಲ.

ತಂಗಿ

೨ ಅಕ್ಟೋಬರ್ ೧೯೩೯

ಮೆಣಸೇ,

ಇದು ಹದಿನಾರನೇ ಕಾಗದ. ಮೊದಲಿನ ಹದಿನೈದರಲ್ಲೂ ಹೇಳಿದ್ದನ್ನೇ ಹೇಳುತ್ತೇನೆ, ಒಂದು ವೇಳೆ ಅವನ್ನು ಒಡೆಯದೆ ಇಟ್ಟಿದ್ದರೆ.

ಉಳಿದ ಮೂವತ್ತು ಅಂಕಿಯ ತುಂಡಿಗೆ ಅಪ್ಪನ ಪರೀಕ್ಷೆಯನ್ನೇ ಹಚ್ಚಿದೆ. ಒಂಬತ್ತು ತಿಂಗಳು ಹಿಡಿಯಿತು. ಕೊನೆಗೆ ಒಂದು ಉಳಿಯಲಿಲ್ಲ. ಅದೂ ಒಡೆಯುತ್ತದೆ, ಯಾವುದರಿಂದಲೋ. ಎಪ್ಪತ್ತನಾಲ್ಕರ ಕಟ್ಟಳೆ ಇದಕ್ಕೂ ನಡೆಯುತ್ತದೆ, ಆದ್ದರಿಂದ ಬಿಟ್ಟಲ್ಲಿಂದ ಶುರುಮಾಡಿದ್ದೇನೆ. ಏಳು ಮತ್ತು ಒಂಬತ್ತರಲ್ಲಿ ಕೊನೆಯಾಗುವವು ಮಾತ್ರ. ಒಂದು ಮತ್ತು ಮೂರು ನಿನ್ನ ಪಾಲು, ಅವನ್ನು ಮುಟ್ಟಿಲ್ಲ. ನನ್ನ ಆಯುಷ್ಯಕ್ಕೆ ಇದು ಮುಗಿಯುವುದಿಲ್ಲ. ಯಾರೂ ಕೇಳಿಲ್ಲ. ನಿನಗಲ್ಲದೆ ಯಾರಿಗೂ ತೋರಿಸುವುದಿಲ್ಲ.

ತೊಂಬತ್ತೊಂದನೇ ಹಾಳೆ ಎರಡು ಪ್ರತಿ ಇದರ ಜೊತೆಗಿದೆ. ಈಗ ಪರೀಕ್ಷೆಯಲ್ಲಿ ಕೊನೆಗೆ ಎರಡು ಬರಬೇಕು.

ಅಣ್ಣ

೧೧ ನವೆಂಬರ್ ೧೯೩೯

ಮೆಣಸೇ,

ತೊಂಬತ್ತೊಂದನೇ ಹಾಳೆ ಇವತ್ತು ಮರಳಿ ಬಂತು. ಲಕೋಟೆಯನ್ನು ಬುಡಮೇಲು ಮಾಡಿ ಕೊಡವಿದೆ. ಕಾಗದ ಇರಲಿಲ್ಲ. ಮಾತು ಇರಲಿಲ್ಲ. 'ನೋಡಿದವರು' ಎಂಬಲ್ಲಿ ರುಜು ಇಲ್ಲ.

ಹನ್ನೊಂದನೇ ಸಾಲಿನಲ್ಲಿ ಶೇಷದ ಕೆಳಗೆ ಕೆಂಪು ಶಾಯಿಯ ಒಂದು ಸಣ್ಣ ಗೀಟು ಇದೆ, ಕರಡು ತಿದ್ದುವವರು ಹಾಕುವಂಥದು. ಅದನ್ನು ಹಿಡಿದು ಬೆಳಕಿಗೆ ಹೋದೆ. ಪುನಃ ಭಾಗಿಸಿದೆ. ಕೊನೆಯ ಕಳೆಯುವಿಕೆಯಲ್ಲಿ ಪಕ್ಕದ ಅಂಕಿಯಿಂದ ಕಡ ತಂದ ದಶಕವನ್ನು ಕಳೆಯಲು ಮರೆತಿದ್ದೆ. ಈ ಸಲ ನಿಜವಾದ ತಪ್ಪು.

ತಿದ್ದಿದ್ದೇನೆ. ಕಳಿಸುತ್ತಿದ್ದೇನೆ.

ಅಣ್ಣ